ಸೈಟಿನ ರೇಟಿಗೆ ಸೌಟು

ಕಳೆದ ಮಾಘದಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಹೋಮ ಮುಗಿದು ಹಾಲುಕ್ಕಿಸುವ ಹೊತ್ತಿಗೆ ಪುರೋಹಿತರು ಅಡುಗೆಮನೆಯತ್ತ ಹೊರಟರೆ ಮನೆಯಾಕೆ ಅಡ್ಡ ನಿಂತರು. "ಇಲ್ಲಿ ಬೇಡಿ ಸ್ವಾಮಿ, ಹಾಲು ಬರ್ನರ್ ಒಳಗೆ ಇಳಿದರೆ ಕಷ್ಟ ಅಂತ ಡಿಸೈನರ್ ಹೇಳಿದಾರೆ." ಕೊನೆಗೆ ಹಾಲು ಉಕ್ಕಿದ್ದು ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ, ಬಾಡಿಗೆ ಮನೆಯಿಂದ ತಂದ ಎರಡು ಬರ್ನರಿನ ಹಳೇ ಸ್ಟೌ ಮೇಲೆ. ಪೂರ್ವಕ್ಕೇ ಉಕ್ಕಿತು, ಎಲ್ಲರಿಗೂ ಸಮಾಧಾನ. ಒಳಗೆ ಎಂಟು ಲಕ್ಷದ ಅಡುಗೆಮನೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಬಂದವರಿಗೆಲ್ಲ ದರ್ಶನ ಕೊಡುತ್ತಿತ್ತು. ಒಬ್ಬೊಬ್ಬರೂ ಒಂದೊಂದು ಡ್ರಾಯರ್ ಎಳೆದು ಬಿಡುವುದು, ಅದು ಸದ್ದಿಲ್ಲದೆ ತಾನೇ ಒಳಗೆ ಸರಿಯುವುದನ್ನು ನೋಡಿ ತಲೆದೂಗುವುದು.

ಎಲೆ ಮುಂದೆ ಕೂತಾಗ ಚಿಕ್ಕಪ್ಪನ ಮಗ ಮೊಬೈಲ್ ಚಾಚಿದ. ಚಂದಾಪುರದ ಹತ್ತಿರ ಅವನು 95 ಲಕ್ಷಕ್ಕೆ ಫ್ಲ್ಯಾಟ್ ತಗೊಂಡಿದ್ದಾನೆ. ಅಡುಗೆಮನೆಗೆ ಬಂದ ಕೊಟೇಶನ್ 7,40,000. "ಜಾಸ್ತಿ ಆಯ್ತಾ ಅಕ್ಕ? ಮನೆ ಬೆಲೆಯಲ್ಲಿ ಶೇಕಡಾ ಎಂಟರಿಂದ ಹತ್ತು ಅಡುಗೆಮನೆಗೆ ಇಡಬೇಕಂತೆ. ಎಂಟು ಅಂದ್ರೂ 7,60,000 ಆಗುತ್ತೆ, ನಾವಿನ್ನೂ ಅದರೊಳಗೇ ಇದೀವಿ ಅಂದ್ರು."

"ಅದರೊಳಗೇ ಇದೀವಿ." ಆ ಮಾತು ನನ್ನನ್ನು ನೆಟ್ಟಗೆ ಹೋಳಿಗೆ ತಿನ್ನಲು ಬಿಡಲಿಲ್ಲ. ಅವನು ಹೇಳಿದ್ದು ಅವನೊಬ್ಬನ ಮಾತಾಗಿದ್ದರೆ ಅಲ್ಲೇ ನಕ್ಕು ಬಿಡಬಹುದಿತ್ತು. ಆದರೆ ಇವತ್ತು ಬೆಂಗಳೂರಿನಲ್ಲಿ ಮನೆ ಕೊಂಡವರು, ಕಟ್ಟಿಸಿದವರು, ಬ್ಯಾಂಕಿನಲ್ಲಿ ಸಾಲದ ಕಾಗದಕ್ಕೆ ಸಹಿ ಹಾಕುತ್ತಿರುವವರು ಹೆಚ್ಚುಕಡಿಮೆ ಎಲ್ಲರೂ ಹೇಳುವುದು ಇದನ್ನೇ: ಅಡುಗೆಮನೆಗೆ ಎಷ್ಟು ಹಾಕಬೇಕು ಅನ್ನುವುದನ್ನು ಮನೆಯ ಬೆಲೆ ಹೇಳುತ್ತದೆ, ಜೀವಮಾನದಲ್ಲಿ ಒಂದೇ ಸಲ ತಾನೆ, ಕೈ ಹಿಡಿಯಬಾರದು, ಮುಂದೆ ಮಾರುವಾಗ ಬೆಲೆ ಬರುತ್ತದೆ, ಅಷ್ಟಕ್ಕೂ ಹೆಂಡತಿಯ ಸುಖಕ್ಕೆ ತಾನೆ. ನಾಲ್ಕೂ ಮಾತು ಕೇಳಲು ಹಿತ. ನಾಲ್ಕೂ ತಪ್ಪು ಅಂತ ನನ್ನ ವಾದ.

ಮೊದಲು ಈ ಶೇಕಡಾ. ಇದು ಹುಟ್ಟಿದ್ದು ನಮ್ಮ ಒಲೆಯ ಮುಂದಲ್ಲ. ಕೊಂಡ ಮನೆಯನ್ನು ಕೆಲವು ವರ್ಷಕ್ಕೆ ಮಾರುವ ಎಣಿಕೆ ಇಟ್ಟುಕೊಂಡೇ ಕೊಳ್ಳುವ, ಅಡುಗೆಮನೆಗೆ ಸುರಿದ ದುಡ್ಡಿನಲ್ಲಿ ಎಷ್ಟು ವಾಪಸ್ಸು ಬಂತೆಂದು ಲೆಕ್ಕ ಹಾಕುವ ಅಮೆರಿಕದ ಮನೆ ವ್ಯಾಪಾರದ ರೂಢಿ ಅದು. ಇಲ್ಲಿಗೆ ಬರುವ ಹೊತ್ತಿಗೆ ಶಾಸ್ತ್ರವಾಗಿಬಿಟ್ಟಿದೆ. ಬೆಂಗಳೂರಿನಲ್ಲಿ ಮನೆಯ ಬೆಲೆ ಅಂದರೆ ಹೆಚ್ಚಿನ ಪಾಲು ನೆಲದ ಬೆಲೆ. ಇದೇ ಅಳತೆಯ ಫ್ಲ್ಯಾಟು ದಾವಣಗೆರೆಯಲ್ಲೋ ಹಾಸನದಲ್ಲೋ ಎಷ್ಟೋ ಅಗ್ಗಕ್ಕೆ ಸಿಗುತ್ತದೆ. ಹಾಗಂತ ಅಲ್ಲಿಯ ಅಡುಗೆಮನೆಯಲ್ಲಿ ಕುದಿಯುವ ಬೇಳೆ ಕಮ್ಮಿಯೆ? ಅಲ್ಲಿಯ ಕುಕ್ಕರ್ ಒಂದೇ ಸೀಟಿಗೆ ನಿಲ್ಲುತ್ತದೆಯೆ? ಹತ್ತಕ್ಕೆ ಎಂಟಡಿ ಕೋಣೆ ಎಲ್ಲಿದ್ದರೂ ಹತ್ತಕ್ಕೆ ಎಂಟೇ. 2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಓಡಲು ಶುರುವಾಯಿತು. ಚಂದಾಪುರದ ಕಡೆ ಫ್ಲ್ಯಾಟು ಮಾರುವವರ ಬಾಯಲ್ಲೀಗ ಅದೇ ಮಂತ್ರ. ಮೆಟ್ರೋ ಬಂತೆಂದು ಫ್ಲ್ಯಾಟಿನ ಬೆಲೆ ಐದು ಲಕ್ಷ ಏರಿದರೆ, ಈ ಶಾಸ್ತ್ರದ ಪ್ರಕಾರ ನನ್ನ ತಮ್ಮ ಅಡುಗೆಮನೆಗೆ ಇನ್ನೂ ನಲವತ್ತು ಸಾವಿರ ಸೇರಿಸಬೇಕು. ರೈಲು ಬಂದದ್ದಕ್ಕೆ ಸೌಟು ಬದಲಾಯಿಸಬೇಕು!

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಸರಿಯೇ. ಶೇಕಡಾವಾರು ಪಂಡಿತರು ಅದನ್ನು ತಿರುಗಿಸಿದ್ದಾರೆ: ಹಾಸಿಗೆ ದೊಡ್ಡದಾಯಿತು, ಕಾಲು ಉದ್ದ ಮಾಡಿಕೋ.

ಆ ಕೊಟೇಶನ್ನಿನಲ್ಲಿ ಇನ್ನೊಂದು ಸಾಲಿತ್ತು. ಇಪ್ಪತ್ತು ವರ್ಷ ಬಾಳುತ್ತದೆ, ದಿನಕ್ಕೆ ಬರೀ ನೂರು ರೂಪಾಯಿ ಬೀಳುತ್ತದೆ, ಎರಡು ಕಾಫಿ ದುಡ್ಡು ಅಂತ. ಲೆಕ್ಕವೇನೋ ಸರಿ; ಇಪ್ಪತ್ತು ವರ್ಷಕ್ಕೆ 7,300 ದಿನ, ಭಾಗಿಸಿದರೆ ನೂರರ ಆಸುಪಾಸೇ ಬರುತ್ತದೆ. ಆದರೆ ನನ್ನ ತಮ್ಮ ಆ ದುಡ್ಡನ್ನು ಡಬ್ಬಿಯಿಂದ ತೆಗೆದುಕೊಡುತ್ತಿಲ್ಲ, ಮನೆ ಸಾಲಕ್ಕೆ ಸೇರಿಸುತ್ತಿದ್ದಾನೆ. ಶೇಕಡಾ 9 ಬಡ್ಡಿಯಲ್ಲಿ ಇಪ್ಪತ್ತು ವರ್ಷ ಹಿಡಿದರೆ ಬರೀ ಅಡುಗೆಮನೆಯ ಕಂತು ತಿಂಗಳಿಗೆ ಸುಮಾರು 6,660 ರೂಪಾಯಿ. ಕಟ್ಟಿ ಮುಗಿಸುವಾಗ 16 ಲಕ್ಷದ ಹತ್ತಿರ. ಎರಡು ಕಾಫಿ ಹೋಗಿ ಮನೆಮಂದಿಗೆಲ್ಲ ತಿಂಡಿ ಕಾಫಿ ಆಯಿತು, ದಿನಾ. ಇಷ್ಟಕ್ಕೂ ಆ ಇಪ್ಪತ್ತು ವರ್ಷ ಯಾರು ಕೊಟ್ಟ ವರ?

ಇಲ್ಲಿ ನನ್ನದೇ ಕಥೆ ಹೇಳಬೇಕು. 2014ರಲ್ಲಿ ನಾನೂ ಶೋರೂಮಿಗೆ ಹೋಗಿ ಬೆಳಕಿಗೆ ಮರುಳಾಗಿ ಬಂದವಳೇ. ಮೂರು ಲಕ್ಷ ಚಿಲ್ಲರೆ ಕೊಟ್ಟು ಮಾವಿನಹಣ್ಣಿನ ಬಣ್ಣದ, ಕನ್ನಡಿಯಂತೆ ಹೊಳೆಯುವ ಬಾಗಿಲುಗಳನ್ನು ಹಾಕಿಸಿದೆ. ಮೂರು ವರ್ಷ ಚಂದವಿತ್ತು. ನಾಲ್ಕನೆಯ ಮಳೆಗಾಲದಲ್ಲಿ ಸಿಂಕಿನ ಕೆಳಗಿಂದ ಒದ್ದೆ ಗೋಣಿಚೀಲದಂಥ ವಾಸನೆ. ಬಾಗಿಲು ತೆಗೆದು ಒಳಗಿದ್ದ ಸೋಪಿನ ಡಬ್ಬ, ಫಿನಾಯಿಲ್ ಬಾಟಲಿ ಎಲ್ಲ ಹೊರಗಿಟ್ಟು ತಳ ಮುಟ್ಟಿದೆ. ಬೆರಳು ಒಳಗೆ ಹೋಯಿತು. ಟೀಗೆ ಅದ್ದಿದ ರಸ್ಕು ಹೇಗಿರುತ್ತದೋ ಹಾಗಿತ್ತು. ಆಗಿದ್ದಿಷ್ಟೇ: ಸಿಂಕಿನ ಪೈಪ್ ಹಾದುಹೋಗಲು ಹಲಗೆಯಲ್ಲಿ ದುಂಡಗೆ ತೂತು ಕೊರೆದಿದ್ದರು. ಎದುರಿಗೆ ಕಾಣುವ ಅಂಚಿಗೆಲ್ಲ ನೀಟಾಗಿ ಪಟ್ಟಿ ಅಂಟಿಸಿದವರು ಕಾಣದ ಈ ತೂತಿನ ಅಂಚನ್ನು ಹಾಗೇ ಬಿಟ್ಟಿದ್ದರು. ಮೇಲಿನ ಜಾಯಿಂಟಿನಿಂದ ಗಂಟೆಗೆ ಒಂದು ಹನಿಯೋ ಎರಡು ಹನಿಯೋ ಜಿನುಗಿ ಆ ಬೋಳು ಅಂಚಿನಿಂದ ಒಳಗಿಳಿದಿತ್ತು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವ ಜಾತಿಯದಲ್ಲ.

ಕಂಪನಿಗೆ ಫೋನ್ ಮಾಡಿದೆ. ಹುಡುಗ ಬಂದ, ನೋಡಿದ, ಫೋಟೊ ತೆಗೆದ. "ಹಿಂಜಿಗೆ ಹತ್ತು ವರ್ಷ ವಾರಂಟಿ ಇದೆ ಮೇಡಂ. ನೀರು ಬಿದ್ದು ಹಾಳಾದರೆ ಇಲ್ಲ." ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ನೀರು ಬೀಳದೆ ಇನ್ನೇನು ಬೀಳಬೇಕಿತ್ತೋ ತಿಳಿಯಲಿಲ್ಲ. ಹಿಂಜ್ ಮಾತ್ರ ನಿಜಕ್ಕೂ ಗಟ್ಟಿಯಾಗೇ ಇತ್ತು. ಅದನ್ನು ಹಿಡಿದುಕೊಂಡಿದ್ದ ಮರ ಇರಲಿಲ್ಲ. ಪಕ್ಕದ ರಸ್ತೆಯ ಗಾರೆಯವರು ಬಂದು ಪೆಟ್ಟಿಗೆ ಕಿತ್ತು ಎಸೆದು, ಎರಡು ಕಡಪ ಕಲ್ಲು ನಿಲ್ಲಿಸಿ, ಒಂದನ್ನು ಅಡ್ಡ ಹಾಕಿ, ಹಳೇ ಬಾಗಿಲನ್ನೇ ಅಲ್ಯೂಮಿನಿಯಂ ಚೌಕಟ್ಟಿಗೆ ಸಿಕ್ಕಿಸಿ ಕೊಟ್ಟರು. 4,200 ರೂಪಾಯಿ ಆಯಿತು. ಇಡೀ ಅಡುಗೆಮನೆಯಲ್ಲಿ ಇವತ್ತಿಗೂ ನನಗೆ ತಲೆನೋವು ಕೊಡದ ಮೂಲೆ ಅದೊಂದೇ.

ಹಾಗಾಗಿ ಜೀವಮಾನದಲ್ಲಿ ಒಂದೇ ಸಲ ಅನ್ನುವ ಮಾತನ್ನು ನನ್ನ ಮುಂದೆ ಆಡಬೇಡಿ. ಮದುವೆಗೆ ಹೇಳುವ ಮಾತನ್ನು ಹಲಗೆಗೆ ಹೇಳಬಾರದು. ಒಂದು ಅಡುಗೆಮನೆ ಒಂದು ವಸ್ತುವಲ್ಲ, ಹತ್ತಾರು ವಸ್ತುಗಳು ಪಕ್ಕಪಕ್ಕ ನಿಂತದ್ದು. ಒಂದೊಂದಕ್ಕೂ ಒಂದೊಂದು ಆಯಸ್ಸು. ಗ್ರಾನೈಟ್ ನಮ್ಮ ಮೊಮ್ಮಕ್ಕಳನ್ನೂ ನೋಡುತ್ತದೆ. ನಲ್ಲಿಯ ವಾಷರ್ ವರ್ಷಕ್ಕೊಮ್ಮೆ ಹೋಗುತ್ತದೆ, ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ಬೇಗ. ಚಿಮಣಿಯ ಮೋಟರು ಒಂದು ದಿನ ಕೆಟ್ಟೇ ಕೆಡುತ್ತದೆ. ಬಾಗಿಲಿನ ಬಣ್ಣ ಕೆಡುವ ಮೊದಲೇ ಕಣ್ಣಿಗೆ ಹಳಸುತ್ತದೆ. ನನ್ನ ಮಾವಿನಹಣ್ಣಿನ ಬಣ್ಣ ನೋಡಿ ಮಗಳು "ಅಮ್ಮಾ, ಇದು ಜ್ಯೂಸ್ ಅಂಗಡಿ ಥರ ಇದೆ" ಅಂದು ಐದು ವರ್ಷವಾಯಿತು. ಇವೆಲ್ಲವನ್ನೂ ಒಂದೇ ಮೊತ್ತದಲ್ಲಿ ಕಟ್ಟಿ, ಒಂದೇ ಆಯಸ್ಸು ಬರೆದು, ಒಂದೇ ಕಂತಿಗೆ ಸೇರಿಸುವುದರಲ್ಲೇ ಮೋಸ ಇರುವುದು. ಮಾರುವವರಿಗೆ ಇದರ ಲಾಭ ಗೊತ್ತು: ಮೊತ್ತ ಒಂದೇ ಆದರೆ ಎಲ್ಲಿ ಉಳಿಸಿದರು, ಎಲ್ಲಿ ಸುರಿದರು ಕಾಣುವುದಿಲ್ಲ. ಕಾಣುವ ಬಾಗಿಲಿಗೆ ಅಕ್ರಿಲಿಕ್, ಕಾಣದ ಪೆಟ್ಟಿಗೆಗೆ ಪಾರ್ಟಿಕಲ್ ಬೋರ್ಡು.

ಇದರಲ್ಲಿ ದೊಡ್ಡ ವ್ಯಂಗ್ಯವೊಂದಿದೆ. ಗೋಡೆಗೆ ಹೊಂದಿಸಿ, ಕೂಡಿಸಿ ಮಾಡುವ ಈ ಅಡುಗೆಮನೆ ಮೊದಲು ದೊಡ್ಡ ಪ್ರಮಾಣದಲ್ಲಿ ತಯಾರಾದದ್ದು ಶ್ರೀಮಂತರಿಗಾಗಿ ಅಲ್ಲವೇ ಅಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ದುಡಿಯುವ ಜನಕ್ಕೆ ಮನೆಗಳ ಬರ. ನಗರಸಭೆ ಎರ್ನ್ಸ್ಟ್ ಮೈ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ ಸಾಲುಸಾಲು ಮನೆ ಕಟ್ಟಿಸಿತು. ಅವುಗಳ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದವಳು ವಿಯೆನ್ನಾದ ಮಾರ್ಗರೆಟ್ ಶೂಟೆ-ಲಿಹೋಟ್ಸ್ಕಿ. ಅಗಲ 1.9 ಮೀಟರ್, ಉದ್ದ 3.4 ಮೀಟರ್, ಅಂದರೆ ಸುಮಾರು ಆರೂಕಾಲು ಅಡಿಗೆ ಹನ್ನೊಂದಡಿ. ರೈಲಿನ ಊಟದ ಬೋಗಿಯಲ್ಲಿ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಜನಕ್ಕೆ ಹೇಗೆ ಬೇಯಿಸುತ್ತಾರೆ ಅನ್ನುವುದನ್ನು ಅವಳು ಮಾದರಿಯಾಗಿ ಇಟ್ಟುಕೊಂಡಿದ್ದಳು. ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ ಮಾಡಿದ ಅಡುಗೆಮನೆ ಅದು. ಸುಮಾರು ಹತ್ತು ಸಾವಿರ ಮನೆಗಳಿಗೆ ಹೋಯಿತು. ಅದರ ಖರ್ಚನ್ನು ಮನೆಯ ಬಾಡಿಗೆಯಲ್ಲೇ ಸೇರಿಸಿದ್ದರು.

ಅದರ ಒಳಗೇನಿತ್ತು ನೋಡಿ. ಅಕ್ಕಿ, ಸಕ್ಕರೆಗೆ ಸುರಿಯಲು ಮೂತಿ ಇರುವ ಅಲ್ಯೂಮಿನಿಯಂ ಡಬ್ಬಗಳು. ಹಿಟ್ಟಿಗೆ ಮಾತ್ರ ಓಕ್ ಮರದ್ದು, ಹುಳ ಹತ್ತಬಾರದೆಂದು. ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ. ಬೇಕಾದ ಕಡೆ ಎಳೆದುಕೊಳ್ಳುವ ದೀಪ. ಕಿಟಕಿಯ ಬೆಳಕಿಗೆ ತಗ್ಗಾಗಿ ಇಟ್ಟ ಕೆಲಸದ ಹಲಗೆ, ಅದರ ಮುಂದೆ ತಿರುಗುವ ಸ್ಟೂಲು, ಕೂತು ತರಕಾರಿ ಹೆಚ್ಚಲು. ಸಿಪ್ಪೆ ತಳ್ಳಲು ಹಲಗೆಯಲ್ಲೇ ಒಂದು ಕಿಂಡಿ. ಅದರಲ್ಲೂ ದೋಷವಿತ್ತು, ಇಬ್ಬರು ನಿಂತು ಕೆಲಸ ಮಾಡುವಂತಿರಲಿಲ್ಲ, ಹೆಂಗಸನ್ನು ಒಂಟಿಯಾಗಿ ಕೂಡಿಹಾಕಿತು ಅಂತ ಆಮೇಲಿನವರು ಬೈದರು, ಸರಿಯಾಗೇ ಬೈದರು. ಆದರೂ ಅಲ್ಲಿಯ ಪ್ರತಿಯೊಂದು ವಸ್ತುವೂ ಯಾವುದೋ ಒಂದು ಕೆಲಸಕ್ಕೆ ಉತ್ತರವಾಗಿತ್ತು. ನಮ್ಮ ತಮ್ಮನ ಏಳೂವರೆ ಲಕ್ಷದ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಬಾಟಲ್ ಪುಲ್‌ಔಟ್, ಮೂಲೆಯಿಂದ ತಿರುಗಿ ಹೊರಬರುವ ತಟ್ಟೆ, ಟಾಲ್ ಯುನಿಟ್, ಪ್ರೊಫೈಲ್ ಲೈಟು, ಬ್ರೇಕ್‌ಫಾಸ್ಟ್ ಕೌಂಟರಿಗೆ ಎರಡು ಎತ್ತರದ ಬಾರ್ ಸ್ಟೂಲು. ಕೂತು ಸೊಪ್ಪು ಸೋಸಲು ಒಂದು ಜಾಗ? ಇಲ್ಲ. ಆ ಬಾರ್ ಸ್ಟೂಲ್ ಮೇಲೆ ಕಾಲು ನೇತಾಡಿಸಿಕೊಂಡು ಯಾರು ಅವರೆಕಾಯಿ ಬಿಡಿಸುತ್ತಾರೋ ನಾನೂ ನೋಡಬೇಕು. ನೂರು ವರ್ಷದ ಹಿಂದೆ ಬಾಡಿಗೆದಾರರಿಗೆ ಕೊಟ್ಟಿದ್ದನ್ನು ಇವತ್ತು ಮಾಲೀಕರಿಗೆ ಕೊಡಲು ಆಗುತ್ತಿಲ್ಲ.

ಇನ್ನು ಎಲ್ಲರ ಬಾಯಿ ಮುಚ್ಚಿಸುವ ಮಾತು: ಹೆಂಡತಿಯ ಸುಖಕ್ಕೆ. ತಮ್ಮನೂ ಅದನ್ನೇ ಅಂದ. "ದಿನಾ ನಿಂತು ಮಾಡೋಳು ಅವಳು. ಅವಳಿಗೆ ಅಷ್ಟೂ ಮಾಡಬೇಡ್ವಾ?" ಈ ಮಾತಿಗೆ ಎದುರು ಆಡಿದವರು ಜಿಪುಣರೂ ಆಗುತ್ತಾರೆ, ಹೆಂಗಸರ ವಿರೋಧಿಗಳೂ ಆಗುತ್ತಾರೆ. ಆದರೂ ಆಡುತ್ತೇನೆ. ದಿನಾ ನಿಂತು ಮಾಡುವವಳು ಅವಳು ಅನ್ನುವುದು ನಿಜ, ಸರ್ಕಾರದ ಲೆಕ್ಕದಲ್ಲೂ ನಿಜ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97. ಐದು ಗಂಟೆ ನಿಲ್ಲುವವಳಿಗಾಗಿ ಏಳೂವರೆ ಲಕ್ಷ ಕೊಡುವಾಗ ಅವಳನ್ನು ಯಾರಾದರೂ ಅಳೆದರೆ? ದರ್ಜಿ ಮುನ್ನೂರು ರೂಪಾಯಿಯ ರವಿಕೆಗೆ ಅಳತೆ ತಗೊಳ್ಳುತ್ತಾನೆ. ಇಲ್ಲಿ ಕೋಣೆಯನ್ನು ಲೇಸರ್ ಇಟ್ಟು ಅಳೆದರು, ಕಿಟಕಿ ಅಳೆದರು, ಫ್ರಿಜ್ಜಿಗೆ ಎಷ್ಟು ಜಾಗ ಬೇಕೆಂದು ಕೇಳಿದರು. ನಿಲ್ಲುವವಳ ಎತ್ತರ ಕೇಳಲಿಲ್ಲ. ಕಟ್ಟೆ 34 ಇಂಚು, ಸ್ಟ್ಯಾಂಡರ್ಡ್ ಅಂತೆ. ಯಾರ ಸ್ಟ್ಯಾಂಡರ್ಡು? ಅವನ ಹೆಂಡತಿ ನಾಲ್ಕಡಿ ಹನ್ನೊಂದಿಂಚು. ಮೇಲಿನ ಕಪಾಟಿನ ಎರಡನೆಯ ಅಂತಸ್ತು ಅವಳಿಗೆ ಎಟುಕುವುದಿಲ್ಲ. ಅದರ ಮೇಲಿನ ಲಾಫ್ಟಿಗಂತೂ ಏಣಿಯೇ ಬೇಕು. ಎಟುಕದ ಜಾಗಕ್ಕೂ ಚದರಡಿ ರೇಟು ಅದೇ.

ನಮ್ಮಮ್ಮ ನಮ್ಮ ಮನೆಗೆ ಬಂದಾಗ ಮುದ್ದೆ ಮಾಡುವುದನ್ನು ನೋಡಬೇಕು. ಎಸರು ಕುದಿಸುವವರೆಗೆ ಕಟ್ಟೆ. ಹಿಟ್ಟು ಹಾಕಿ ಬೆಂದ ಮೇಲೆ ಪಾತ್ರೆ ಇಳಿಸಿ ನೆಲಕ್ಕೆ ತರುತ್ತಾಳೆ. ಮಣೆ ಮೇಲೆ ಕೂತು, ಮಸಿಬಟ್ಟೆ ಸುತ್ತಿ, ಪಾತ್ರೆಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು, ಮುದ್ದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತಾಳೆ. ನಾನು ಮೊದಲು ಹಳ್ಳಿಯ ಅಭ್ಯಾಸ ಅಂದುಕೊಂಡಿದ್ದೆ. ಒಂದು ದಿನ ಅವಳಿಲ್ಲದಾಗ ನಾನೇ ಕಟ್ಟೆ ಮೇಲೆ ತಿರುವಲು ಹೋದೆ. 34 ಇಂಚಿನ ಕಟ್ಟೆ, ಅದರ ಮೇಲೆ ಐದಾರು ಇಂಚಿನ ಸ್ಟೌ, ಅದರ ಮೇಲೆ ಪಾತ್ರೆ. ಕೋಲಿನ ತುದಿ ನನ್ನ ಗಲ್ಲದ ಹತ್ತಿರ. ತೋಳಿನ ಬಲ ಕೆಳಗೆ ಇಳಿಯುವುದೇ ಇಲ್ಲ, ಹೆಗಲಲ್ಲೇ ಸಾಯುತ್ತದೆ. ಮುದ್ದೆ ಗಂಟುಗಂಟು. ಅಮ್ಮ ನೆಲಕ್ಕೆ ಇಳಿಸುತ್ತಿದ್ದದ್ದು ಅಭ್ಯಾಸಬಲದಿಂದಲ್ಲ, ಲೆಕ್ಕದಿಂದ. ಎದುರು ಮನೆಯ ಬಿಜಾಪುರದವರು ಜೋಳದ ರೊಟ್ಟಿ ಬಡಿಯುವುದೂ ಯುಟಿಲಿಟಿಯ ನೆಲದ ಮೇಲೇ. ಬಿಳಿ ಕ್ವಾರ್ಟ್ಜ್ ಕಟ್ಟೆಯ ಮೇಲೆ ಬಡಿದರೆ ಕಪಾಟಿನ ಬಾಟಲಿಗಳೆಲ್ಲ ಕುಣಿಯುತ್ತವಂತೆ.

ಹೀಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಎರಡು ಅಡುಗೆಮನೆ. ಒಂದು ಒಳಗೆ, ದುಡ್ಡು ಹೋದದ್ದು. ಇನ್ನೊಂದು ಯುಟಿಲಿಟಿಯಲ್ಲಿ, ಅಡುಗೆ ಆಗುವುದು. ಮೀನು ಹುರಿಯುವುದು, ಹಪ್ಪಳ ಕರಿಯುವುದು, ಸಾರಿನಪುಡಿಗೆ ಮೆಣಸಿನಕಾಯಿ ಹುರಿಯುವುದು, ಗ್ರೈಂಡರ್ ತಿರುಗುವುದು, ಪಾತ್ರೆ ತೊಳೆಯುವುದು ಎಲ್ಲ ಅಲ್ಲಿ, ನಾಲ್ಕಡಿ ಅಗಲದ, ಬೆಳಗ್ಗೆ ಬಟ್ಟೆ ನೇತುಹಾಕುವ ಓಣಿಯಲ್ಲಿ. ಅಲ್ಲಿಗೆ ಒಂದು ನೆಟ್ಟಗಿನ ದೀಪವೂ ಇರುವುದಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಮಡಿಯ ಹೆಸರಿನಲ್ಲಿ ಹೊರಗಿನವರಿಗೆ ಅಡುಗೆಮನೆಗೆ ಪ್ರವೇಶ ಇರಲಿಲ್ಲ. ಆ ಮಡಿಯನ್ನು ನಾನು ಹೊಗಳುವುದಿಲ್ಲ. ಅದರ ಕೊಳಕು ಬೇರೆಯೇ ಕಥೆ. ಈಗ ಹೊರಗಿನವರಿಗೆಲ್ಲ ಪ್ರವೇಶ ಉಂಟು, ಒಗ್ಗರಣೆಗೆ ಇಲ್ಲ. ಇದನ್ನು ಹೆಂಡತಿಯ ಸುಖ ಅಂತ ಕರೆದರೆ ಹೆಂಡತಿ ನಗಬೇಕು. ಇಪ್ಪತ್ತು ವರ್ಷ ಒರೆಸುವವಳೂ ಅವಳೇ, ಅಥವಾ ತಿಂಗಳಿಗೆ ಎರಡೂವರೆ ಸಾವಿರಕ್ಕೆ ಬರುವ ಕೆಲಸದಾಕೆ. ಹೊಳೆಯುವ ಬಾಗಿಲಿನ ಮೇಲೆ ಬೆರಳಿನ ಗುರುತು ಎಷ್ಟು ಚೆನ್ನಾಗಿ ಮೂಡುತ್ತದೆ ಅನ್ನುವುದನ್ನು ಅವರಿಬ್ಬರನ್ನು ಕೇಳಿ.

ಮಾರುವಾಗ ಬೆಲೆ ಬರುತ್ತದೆ ಅನ್ನುವವರಿಗೆ ಹೆಚ್ಚು ಮಾತು ಬೇಡ. ಹಳೇ ಫ್ಲ್ಯಾಟು ಕೊಂಡವರು ಮೊದಲು ಮಾಡುವ ಕೆಲಸ ಏನೆಂದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಂತರೆ ಗೊತ್ತಾಗುತ್ತದೆ: ಗೋಣಿಚೀಲ ಹೊದಿಸಿದ ಲಿಫ್ಟಿನಲ್ಲಿ ಹಿಂದಿನವರ ಅಡುಗೆಮನೆ ತುಂಡುತುಂಡಾಗಿ ಕೆಳಗೆ ಹೋಗುತ್ತಿರುತ್ತದೆ. ಪಕ್ಕದ ಬ್ಲಾಕಿನಲ್ಲಿ ಮೂರೇ ವರ್ಷದ ಅಡುಗೆಮನೆಯನ್ನು ಹಳೇ ಸಾಮಾನಿನವರಿಗೆ ಹದಿನೆಂಟು ಸಾವಿರಕ್ಕೆ ಕೊಟ್ಟರು.

ಹಾಗಾದರೆ ಅಗ್ಗಕ್ಕೆ ಮುಗಿಸು ಅಂತಲೇ ನಿನ್ನ ಬುದ್ಧಿವಾದ ಅಂತ ತಮ್ಮ ಕೇಳಿದ. ಅಲ್ಲ. ಅಗ್ಗದ ಪಕ್ಷದವರೂ ಇದೇ ತಪ್ಪು ಮಾಡುತ್ತಾರೆ. ಅವರೂ ಮೊದಲು ಒಂದು ಮೊತ್ತ ಹಿಡಿದು, ಆಮೇಲೆ ಅದರೊಳಗೆ ಅಡುಗೆಮನೆ ತುರುಕುತ್ತಾರೆ. ಎರಡೂವರೆ ಲಕ್ಷ ಅಂತ ಹಟ ಹಿಡಿದವರು ಕೊನೆಗೆ ಉಳಿಸುವುದು ಪೈಪಿನಲ್ಲಿ, ವೈರಿನಲ್ಲಿ, ಸಿಂಕಿನ ಪೆಟ್ಟಿಗೆಯಲ್ಲಿ, ಅಂದರೆ ಉಳಿಸಲೇಬಾರದ ಕಡೆ. ಮೊತ್ತ ಕೊನೆಯಲ್ಲಿ ಕೂಡಿ ಬರಬೇಕಾದ್ದು. ಮೊದಲು ಬರೆಯಬೇಕಾದ್ದು ಕೆಲಸಗಳ ಪಟ್ಟಿ: ಈ ಮನೆಯಲ್ಲಿ ಎಲ್ಲಿ ನೀರು ಬೀಳುತ್ತದೆ, ಎಲ್ಲಿ ಭಾರ ಕೂರುತ್ತದೆ, ಹೊಗೆ ಯಾವ ಕಡೆ ಹೋಗಬೇಕು, ಯಾರು ಎಷ್ಟು ಹೊತ್ತು ನಿಲ್ಲುತ್ತಾರೆ. ಅವಕ್ಕೆಲ್ಲ ಕೈಬಿಚ್ಚಿ ಕೊಟ್ಟ ಮೇಲೆ ಉಳಿದರೆ ಕಣ್ಣಿಗೆ.

ನೀರು ಬೀಳುವ ಕಡೆ ಕಲ್ಲೇ ಮೇಲು. ಮರವೇ ಬೇಕಾದರೆ ಐಎಸ್ 710 ಗುರುತಿನ ಮರೀನ್ ಪ್ಲೈ, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವ ಪರೀಕ್ಷೆ ಅದಕ್ಕುಂಟು. ಇಡೀ ಅಡುಗೆಮನೆಗೆ ಅದನ್ನೇ ಹಾಕಿಸುವುದು ದಂಡ. ಮೇಲಿನ ಕಪಾಟಿನಲ್ಲಿ ಕಾಫಿ ಲೋಟ ಇಡುತ್ತೀರಿ, ಹಡಗು ಕಟ್ಟುತ್ತಿಲ್ಲ. ಚಿಮಣಿ ಕೊಳ್ಳುವಾಗ ಎಲ್ಲರೂ ಡಬ್ಬದ ಮೇಲೆ ಬರೆದ ಎಳೆತದ ಅಂಕಿ ನೋಡುತ್ತಾರೆ, 1200, 1500 ಅಂತ. ಕೊಳವೆ ಎಷ್ಟು ಕಡೆ ತಿರುಗುತ್ತದೆ, ಹೊರಗೋಡೆ ಎಷ್ಟು ದೂರ ಅಂತ ಕೇಳುವವರಿಲ್ಲ. ಮೂರು ತಿರುವು ಹಾಕಿದರೆ ಆ ಅಂಕಿ ಡಬ್ಬದ ಮೇಲೇ ಉಳಿಯುತ್ತದೆ. ಕೊಳವೆಯೇ ಇಲ್ಲದೆ, ಗಾಳಿಯನ್ನು ಶೋಧಿಸಿ ಅಲ್ಲೇ ಬಿಡುವ ಮಾದರಿ ನಮ್ಮ ಒಗ್ಗರಣೆಯ ಘಾಟಿಗೆ ಸಾಲದು. ಸಾವಿರ ಚಿಲ್ಲರೆಯ ಎಕ್ಸಾಸ್ಟ್ ಫ್ಯಾನು ಸರಿಯಾದ ಜಾಗದಲ್ಲಿದ್ದರೆ ಅದಕ್ಕಿಂತ ವಾಸಿ. ಭಾರ ಕೂರುವ ಡ್ರಾಯರುಗಳಿಗೆ, ಅಂದರೆ ಕುಕ್ಕರು, ಬಾಣಲೆ, ಅಕ್ಕಿ ಡಬ್ಬ ಇಡುವ ಎರಡು ಮೂರಕ್ಕೆ, ಗಟ್ಟಿ ಚಾನೆಲ್ ಹಾಕಿಸಿ, ದುಬಾರಿಯದನ್ನೇ ಹಾಕಿಸಿ. ಚಮಚದ ಡ್ರಾಯರು ಮೆತ್ತಗೆ ಮುಚ್ಚಿಕೊಳ್ಳದಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ. ಮಿಕ್ಸಿ, ಓವನ್, ಫ್ರಿಜ್ಜಿಗೆ ಒಂದೇ ಪ್ಲಗ್ಗಿನಿಂದ ಎಳೆಯದ ಹಾಗೆ ಬೇರೆಬೇರೆ ಪಾಯಿಂಟು, ದಪ್ಪ ವೈರು. ಗೋಡೆ ಒಡೆದು ಆಮೇಲೆ ಮಾಡಿಸುವುದು ಇದೊಂದನ್ನೇ, ಇದನ್ನು ಯಾವ ಶೋರೂಮಿನವರೂ ಬಾಯಿಬಿಟ್ಟು ಹೇಳುವುದಿಲ್ಲ, ಅವರ ಪಟ್ಟಿಯಲ್ಲಿ ಅದು ಇಲ್ಲವಲ್ಲ.

ಕಟ್ಟೆಯ ಕಲ್ಲಿನ ವಿಷಯಕ್ಕೆ ನನಗೆ ಸ್ವಲ್ಪ ಅಭಿಮಾನವೂ ಇದೆ. ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕಪ್ಪು ಕಲ್ಲು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗುವ ಸರಕು. ಕಪ್ಪು ಕಲ್ಲಿನ ಮೇಲೆ ಅರಿಸಿನ ಚೆಲ್ಲಿದರೆ ಒರೆಸಿದರಾಯಿತು, ಒಲೆಯಿಂದ ಇಳಿಸಿದ ಕುಕ್ಕರನ್ನು ಹಾಗೇ ಇಡಬಹುದು. ಕಲ್ಲಿನ ಪುಡಿಗೆ ರೆಸಿನ್ ಅಂಟು ಬೆರೆಸಿ ಮಾಡಿದ ಬಿಳಿ ಕ್ವಾರ್ಟ್ಜ್ ಅಷ್ಟು ಬಿಸಿ ತಡೆಯದು, ಕಲೆ ಕೂರುತ್ತದೆ. ಕೆಳಗೆ ಮಣೆಯೋ ಬಟ್ಟೆಯೋ ಇಡು ಅಂತ ಮನೆಮಂದಿಗೆಲ್ಲ ದಿನಾ ಪಾಠ. ನನ್ನ ತಮ್ಮ ಇರುವ ಕಡೆಯಿಂದ ಜಿಗಣಿ ಸ್ಕೂಟರಿನ ದಾರಿ. ರಸ್ತೆಯುದ್ದಕ್ಕೂ ಗ್ರಾನೈಟ್ ಕಾರ್ಖಾನೆ, ಅಂಗಳದಲ್ಲಿ ಒರಗಿಸಿಟ್ಟ ಹಾಸುಗಲ್ಲು. ದೊಡ್ಡ ಆರ್ಡರಿನಲ್ಲಿ ಉಳಿದ ತುಂಡುಗಳು ಒಂದು ಅಡುಗೆಮನೆಗೆ ಧಾರಾಳ. ಅವನು ಎರಡು ಭಾನುವಾರ ಅಲ್ಲಿ ಅಲೆದ. ಬಿಸಿಲಲ್ಲಿ ಕಲ್ಲಿಗೆ ನೀರು ಎರಚಿ ಬಿರುಕು ನೋಡುವುದನ್ನು ಅಲ್ಲಿಯ ಹುಡುಗರೇ ಹೇಳಿಕೊಟ್ಟರಂತೆ. ಮೊದಲ ಸಲ ಅವನ ಮಾತಿನಲ್ಲಿ ಶೇಕಡಾ ಕೇಳಿಸಲಿಲ್ಲ, ಇಂಚು ಕೇಳಿಸಿತು.

ಶೋರೂಮಿನವರಿಗೆ ಅವನು ಒಂದೇ ಪ್ರಶ್ನೆ ಕೇಳಿದ್ದ: ಕಟ್ಟೆ ಮೂರಿಂಚು ತಗ್ಗಿಸುತ್ತೀರಾ ಅಂತ. "ನಮ್ಮ ಮಾಡ್ಯೂಲ್ ಸೈಜ್ ಫಿಕ್ಸ್ ಸರ್, ಕಸ್ಟಮ್ ಅಂದ್ರೆ ಎಕ್ಸ್‌ಟ್ರಾ ಆಗುತ್ತೆ." ಹೆಸರು ಮಾಡ್ಯುಲರ್, ಬಗ್ಗುವುದು ಗಿರಾಕಿ.

ಈಗ ಕೆಲಸ ಹಿಡಿದಿರುವುದು ರಾಜಸ್ಥಾನದಿಂದ ಬಂದು ಇಪ್ಪತ್ತು ವರ್ಷದಿಂದ ಆನೇಕಲ್ಲಿನಲ್ಲಿ ನೆಲೆಸಿರುವ ಒಬ್ಬ ಬಡಗಿ. ಹೋದ ವಾರ ನಾನೂ ಅಲ್ಲಿದ್ದೆ. ಖಾಲಿ ಕೋಣೆ, ಗೋಡೆಗೆ ಇನ್ನೂ ಟೈಲ್ಸ್ ಇಲ್ಲ, ಕಿಟಕಿಯಲ್ಲಿ ಸಿಮೆಂಟಿನ ಧೂಳು. ಅವನು ತಮ್ಮನ ಹೆಂಡತಿಯನ್ನು ಕರೆದು ಗೋಡೆಯ ಪಕ್ಕ ನಿಲ್ಲಿಸಿದ. "ಚಪ್ಪಲಿ ಬಿಡಿ ಅಮ್ಮ. ಹಾಂ, ಮೊಣಕೈ ಮಡಚಿ, ತರಕಾರಿ ಹೆಚ್ಚೋ ಹಾಗೆ." ಅವಳು ನಗುತ್ತಾ ಇಲ್ಲದ ಬೀನ್ಸನ್ನು ಹೆಚ್ಚಿದಳು. ಅವನು ಮೊಣಕೈಯಿಂದ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಕೆಳಗಿಳಿದು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಗೋಡೆಗೆ ಒಂದು ಗೆರೆ ಎಳೆದ. ಟೇಪು ಹಿಡಿದರೆ 31 ಇಂಚು. "ಒಲೆ ಇಡೋ ಕಡೆ ಇನ್ನೂ ನಾಲ್ಕು ಇಂಚು ತಗ್ಗಿಸ್ಲಾ ಅಮ್ಮ?" ಅಂತ ಕೇಳಿದ. ಅವಳು ತಮ್ಮನ ಮುಖ ನೋಡಿದಳು. ತಮ್ಮ ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. "ತಗ್ಗಿಸಿ," ಅಂದಳು ಅವಳು.